ದೋಷ ಕಂಡುಬಂದಿಲ್ಲ

ನನ್ನ ಕೈಗೆ ಬಂದ ಫೋನು ಸರಿಯಾಗದೆ ವಾಪಸ್ ಹೋದದ್ದಿಲ್ಲ. ಇದು ಜಂಬವಲ್ಲ, ಒಂಬತ್ತು ವರ್ಷದ ಅನುಭವದ ಮಾತು. ನೀರಿಗೆ ಬಿದ್ದದ್ದು, ಲಿಫ್ಟಿನ ಸಂದಿಗೆ ಜಾರಿದ್ದು, ಗಂಡನ ಮೇಲಿನ ಸಿಟ್ಟಿಗೆ ಗೋಡೆಗೆ ಬಡಿದದ್ದು, ಎಲ್ಲವೂ ನಮ್ಮ ಸರ್ವಿಸ್ ಸೆಂಟರಿನ ಮೂರನೇ ಕೌಂಟರಿನಲ್ಲಿ, ಅಂದರೆ ನನ್ನ ಎದುರಿಗೆ, ಮತ್ತೆ ಉಸಿರಾಡಿವೆ. ಹಾಗಾಗಿ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದ ಒಬ್ಬ ಟೈಲರ್ ತನ್ನ ಫೋನನ್ನು ಗಾಜಿನ ಮೇಲಿಟ್ಟು, ಮಾತಾಡುತ್ತಿದ್ದಂತೆಯೇ ಕಾಲ್ ಕಟ್ ಆಗುತ್ತದೆ ಎಂದಾಗ, ಹತ್ತು ನಿಮಿಷದ ಕೆಲಸ ಎಂದುಕೊಂಡೆ.

ಎಲ್ಲರ ಹತ್ತಿರ ಮಾತಾಡುವಾಗಲೂ ಹೀಗೇನಾ ಎಂದು ವಿಚಾರಿಸಿದೆ. ಅವನು ಸ್ವಲ್ಪ ಯೋಚಿಸಿದ. ಹೆಚ್ಚಾಗಿ ಅಮ್ಮನ ಹತ್ತಿರ ಮಾತಾಡುವಾಗಂತೆ. ಅದರಲ್ಲೂ ಅಮ್ಮ ಮದುವೆಯ ವಿಷಯ ಎತ್ತಿದಾಗಂತೆ.

"ಹಾಗಾದ್ರೆ ಫೋನಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಇದೆ," ಎಂದೆ.

ಅವನು ನಗಲಿಲ್ಲ. ಆದರೆ ನಗುವನ್ನು ತಡೆದುಕೊಂಡದ್ದು ಎಡಗೆನ್ನೆಯಲ್ಲಿ ಗೊತ್ತಾಯಿತು. "ನಾನೇ ಬೇಕಂತ ಇಟ್ಬಿಡ್ತೀನಿ ಅಂತ ಅಮ್ಮ ಅನ್ಕೊಂಡಿದ್ದಾರೆ. ನನ್ನ ಮಾನ ನಿಮ್ಮ ಕೈಲಿದೆ ನೋಡಿ."

ಮಾನ ಉಳಿಸುವ ಕೆಲಸ ಶುರು ಮಾಡಿದೆ. ಅವನ ಫೋನಿನಿಂದ ನಮ್ಮ ಅಕ್ಕನಿಗೆ ಕಾಲ್ ಮಾಡಿದೆ. ಅಕ್ಕನಿಗೆ ಮಾತಾಡಲು ಕಾರಣ ಬೇಕಿಲ್ಲ. ಮೇಲಿನ ಮನೆಯವರು ಕುರ್ಚಿ ಎಳೆದಾಡುವ ಸದ್ದಿನ ಬಗ್ಗೆ ಹದಿನಾಲ್ಕು ನಿಮಿಷ ಹೇಳಿದಳು. ಒಂದು ಅಕ್ಷರವೂ ತಪ್ಪಿಹೋಗಲಿಲ್ಲ. ಆಮೇಲೆ ಫೋನನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ಸಿಗ್ನಲ್ ನೋಡಿದೆ. ನಾಲ್ಕು ಕಡ್ಡಿಯೂ ಅಲ್ಲಾಡದೆ ನಿಂತಿದ್ದವು. ಜಾಬ್ ಕಾರ್ಡಿನಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿಗೆ ಕೊಟ್ಟೆ.

ಅವನು ಎಡಗೈಯಲ್ಲಿ ಸಹಿ ಹಾಕಿದ. ಕಾಗದವನ್ನು ತಬ್ಬಿಕೊಂಡ ಹಾಗೆ ಮಣಿಕಟ್ಟು ಬಾಗಿತ್ತು. ಉದ್ದನೆಯ ಬೆರಳುಗಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿಗಳು. ಒಂದು ಸಹಿಗೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ನಾನು ಆ ಕೈಯನ್ನು ನೋಡಿದೆ. ಕಣ್ಣಿಗೆ ಕಂಡದ್ದು ತಲೆಗೆ ಹೋಗಬೇಕಿತ್ತು. ಅದು ನೇರ ಎದೆಗೆ ಹೋಯಿತು. ನನ್ನ ವೃತ್ತಿಯಲ್ಲಿ ಅಂಥ ತಪ್ಪನ್ನು ನಾನು ಮಾಡಿದ್ದು ಅದೊಂದೇ ಸಲ.

ಅವನು ಇನ್ನೆರಡು ಸಲ ಬಂದ. ಸಿಮ್ ಬದಲಾಯಿಸಿದೆ, ಸಾಫ್ಟ್‌ವೇರ್ ಹೊಸದು ಹಾಕಿದೆ, ಎರಡು ಸಲವೂ ಅದೇ ವಾಕ್ಯ ಬರೆದೆ. ಮೂರನೇ ಸಲ ಅವನು ಬಾಗಿಲು ತಳ್ಳಿದ್ದೇ ತಡ, ಪಕ್ಕದ ಕೌಂಟರಿನವಳಿಗೆ ಕೆಮ್ಮು ಹತ್ತಿಕೊಂಡಿತು. ನಾನು ಕೆಮ್ಮಿಗೆಲ್ಲ ಹೆದರುವವಳಲ್ಲ. ಜಾಬ್ ಕಾರ್ಡಿನ ಹಿಂದೆ ನನ್ನ ನಂಬರ್ ಬರೆದುಕೊಟ್ಟು, ಇನ್ನೊಮ್ಮೆ ಕಟ್ ಆದ ತಕ್ಷಣ ನನಗೇ ಫೋನ್ ಮಾಡಬೇಕೆಂದು ಹೇಳಿದೆ.

ಅಂದಿನಿಂದ ದಿನಾ ಸಂಜೆ ಐದೂವರೆಗೆ ಫೋನು. ಅವನಿಗೆ ಬಟ್ಟೆ ಹಿಡಿಯಲು ಎರಡೂ ಕೈ ಬೇಕು. ಹಾಗಾಗಿ ಫೋನನ್ನು ಕಟಿಂಗ್ ಟೇಬಲ್ಲಿನ ಮೇಲೆ ಮಲಗಿಸಿ, ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ಹಿಂದೆ ಮಷೀನಿನ ಸದ್ದು, ಇಸ್ತ್ರಿಯ ಉಸ್ಸೆನ್ನುವ ಆವಿ. ತೆಳ್ಳಗಾಗಿದ್ದೇನೆ ಎಂದು ಹೇಳಿಕೊಂಡು ಬರುವ ಗಿರಾಕಿಗಳ ಪ್ಯಾಂಟನ್ನು ತಾನು ಮಾತಿಲ್ಲದೆ ಒಂದಿಂಚು ಬಿಚ್ಚಿ ಕೊಡುತ್ತೇನೆ, ಅವರು ಸಂತೋಷದಿಂದ ಹೋಗುತ್ತಾರೆ ಎಂದು ಹೇಳಿದ. ಯಾರ ಭುಜವೂ ಸಮ ಇರುವುದಿಲ್ಲ ಎಂದೂ, ನನ್ನ ಬಲಭುಜ ಸ್ವಲ್ಪ ಇಳಿದಿರುವುದನ್ನು ತಾನು ಗಮನಿಸಿದ್ದೇನೆಂದೂ ಹೇಳಿದ.

"ಅದನ್ನ ಯಾವಾಗ ನೋಡಿದ್ರಿ?"

"ಮೊದಲನೇ ದಿನ. ನೀವು ಸಹಿ ನೋಡ್ತಿದ್ರಲ್ಲ, ಆಗ."

ಅರ್ಧ ಗಂಟೆ, ಮುಕ್ಕಾಲು ಗಂಟೆ. ಒಮ್ಮೆಯೂ ಕಾಲ್ ಕಟ್ ಆಗಲಿಲ್ಲ. ಫೋನು ಚೆನ್ನಾಗಿದೆ ಎಂಬ ನನ್ನ ತೀರ್ಮಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮೂರು ತಿಂಗಳು ಹೀಗೆ ಕಳೆದ ಮೇಲೆ ನನಗೆ ದೊಡ್ಡ ಕೆಲಸವೊಂದು ಒದಗಿ ಬಂತು. ರೈಲಿನಲ್ಲಿ ಐದು ಗಂಟೆ ದೂರದ ಬಂದರು ಪಟ್ಟಣದಲ್ಲಿ ಹೊಸ ಸರ್ವಿಸ್ ಸೆಂಟರ್ ತೆರೆಯುತ್ತಿದ್ದರು. ಅದಕ್ಕೆ ನಾನೇ ಮುಖ್ಯಸ್ಥೆ. ಒಪ್ಪಿಗೆಯನ್ನು ಶುಕ್ರವಾರ ನಾಲ್ಕು ಗಂಟೆಯೊಳಗೆ ತಿಳಿಸಬೇಕಿತ್ತು. ನನಗೆ ಆ ಕೆಲಸ ಬೇಕಿತ್ತು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನಗೆ ಅವನೂ ಬೇಕಿತ್ತು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಸಂಜೆ ಅವನಿಗೆ ಸುದ್ದಿ ಹೇಳಿ, ಹೊಸ ಕೆಲಸಕ್ಕೊಂದು ಕೋಟು ಹೊಲಿದುಕೊಡಿ ಎಂದೆ. ಅಳತೆ ಗೊತ್ತಿದೆ, ಬರುವುದೇನೂ ಬೇಡ ಎಂದ. ಆಮೇಲೆ ಮಷೀನಿನ ಸದ್ದು ದೂರವಾಯಿತು, ದನಿ ಹತ್ತಿರವಾಯಿತು.

"ನಿಮ್ಮನ್ನ ಒಂದು ವಿಷಯ ಕೇಳ್ಬೇಕಿತ್ತು. ನೀವು ಅಲ್ಲಿಗೆ..."

ಕಟ್.

ಹತ್ತು ನಿಮಿಷದ ನಂತರ ಮತ್ತೆ ಮಾಡಿದ. ತಾನಾಗಿಯೇ ಕಟ್ ಆಯಿತು ಎಂದ. ಫೋನನ್ನು ನಾನೇ ಮೂರು ಸಲ ಟೆಸ್ಟ್ ಮಾಡಿದ್ದೇನೆ, ಅದು ಹಾಗೆಲ್ಲ ಮಾಡುವ ಫೋನಲ್ಲ ಎಂದೆ. ಅವನು ಮೆತ್ತಗೆ ಬೇರೆ ಮಾತು ತೆಗೆದ. ಮಂಗಳವಾರವೂ ಹಾಗೇ ಆಯಿತು. ಬುಧವಾರ ದನಿ ಹತ್ತಿರ ಬಂದಾಗ ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ನೀವು ಹೋದ್ರೆ, ನಾನು..."

ಮತ್ತೆ ಕಟ್.

ಆಗ ನನಗೆ ಅವನು ಅರ್ಥವಾದ, ಅಥವಾ ಹಾಗೆಂದುಕೊಂಡೆ. ಮಾತನ್ನು ತುಟಿಯವರೆಗೆ ತರುವುದು, ಕೊನೆಗೆ ಪುಕ್ಕಲುತನಕ್ಕೆ ಬಟನ್ ಒತ್ತುವುದು. ಅಮ್ಮನಿಗೆ ಮಾಡಿದ್ದನ್ನೇ ನನಗೂ ಮಾಡುತ್ತಿದ್ದಾನೆ. ಕಾಣದ ಆ ತಾಯಿಯ ಬಗ್ಗೆ ನನಗೆ ಅಯ್ಯೋ ಅನ್ನಿಸಿತು. ಅವನು ಮತ್ತೆ ಮಾಡಿದಾಗ ನಾನು ಎತ್ತಲಿಲ್ಲ. ಒಂದು ಮೆಸೇಜ್ ಬಂತು: "ಕಟ್ ಆಯ್ತು, ಕ್ಷಮಿಸಿ. ಇದು ಬರೆದು ಹೇಳೋ ವಿಷಯ ಅಲ್ಲ." ನಾನು ಉತ್ತರಿಸಿದೆ: "ಫೋನಿನಲ್ಲಿ ದೋಷ ಇಲ್ಲ." ಅಕ್ಕ ಹೆಗಲ ಮೇಲಿಂದ ಇಣುಕಿ ಓದಿ, ಇಷ್ಟು ಖಾರ ಯಾಕೆ ಎಂದಳು. ಸತ್ಯಕ್ಕೆ ಖಾರ ಇರುತ್ತದೆ ಎಂದೆ. ಗುರುವಾರ ಪೂರ್ತಿ ನನ್ನ ಫೋನು ಬಾಯಿ ಮುಚ್ಚಿಕೊಂಡು ಬಿದ್ದಿತ್ತು, ನಾನು ಅದನ್ನು ಗಂಟೆಗೆ ಹತ್ತು ಸಲ ನೋಡಿದೆ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಕೋಟು ತರಲು ಹೋದೆ. ಅದನ್ನು ತೆಗೆದುಕೊಂಡು, ಹಣ ಕೊಟ್ಟು, ನಾಲ್ಕು ಗಂಟೆಯೊಳಗೆ ಒಪ್ಪಿಗೆ ಹೇಳಿ, ಆ ಅರ್ಧ ವಾಕ್ಯವನ್ನು ಈ ಊರಿನಲ್ಲೇ ಬಿಟ್ಟು ರೈಲು ಹತ್ತುವುದು ಎಂದು ನಿಶ್ಚಯಿಸಿದ್ದೆ.

ಉದ್ದನೆಯ ಕೋಣೆ. ಎರಡು ಮಷೀನು, ಒಂದು ನಿಲುವುಗನ್ನಡಿ, ಗೋಡೆಯುದ್ದಕ್ಕೂ ಕಟಿಂಗ್ ಟೇಬಲ್. ಕಿಟಕಿಯ ಬಳಿ ವಯಸ್ಸಾದ ಹೆಂಗಸೊಬ್ಬರು ಗುಂಡಿಯ ತೂತುಗಳಿಗೆ ಅಂಚು ಹೊಲಿಯುತ್ತ, ಅಂದರೆ ಕಾಜಾ ಹಾಕುತ್ತ ಕೂತಿದ್ದರು. ಅವನು ಫೋನಿನಲ್ಲಿ ದಿನಾ ಹೇಳುತ್ತಿದ್ದ ಕಾಜಾ ಅಮ್ಮ ಇವರೇ ಎಂದು ಗೊತ್ತಾಯಿತು.

ಅವನು ಕೋಟು ಬಿಡಿಸಿ ಹಿಡಿದ. ತೊಟ್ಟುಕೊಂಡು ಕನ್ನಡಿ ನೋಡಿದೆ. ಬಲಭುಜದ ಒಳಗೆ ಒಂದು ತೆಳು ಪ್ಯಾಡ್ ಹೆಚ್ಚಿಗೆ ಇಟ್ಟಿದ್ದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನನ್ನ ಎರಡು ಭುಜಗಳೂ ಸಮ ಕಂಡವು. ಸಿಟ್ಟು ಅಲ್ಲೇ ಅರ್ಧ ಇಳಿದುಬಿಡುತ್ತಿತ್ತು, ನಾನೇ ಹಿಡಿದು ನಿಲ್ಲಿಸಿದೆ. ಕೌಂಟರಿನ ದನಿಯಲ್ಲಿ ಥ್ಯಾಂಕ್ಸ್ ಹೇಳಿದೆ.

ತೋಳಿನ ತುದಿಯಲ್ಲಿ ಒಂದು ದಾರ ಜೋತಾಡುತ್ತಿತ್ತು. ಅಷ್ಟಕ್ಕೂ ಅವನ ಸಹಾಯ ಏಕೆ ಎಂದು ಟೇಬಲ್ಲಿನ ಮೇಲಿದ್ದ ಕತ್ತರಿ ಎತ್ತಿಕೊಂಡೆ. ಕತ್ತರಿಸಿದರೆ ದಾರ ಎರಡು ಅಲಗಿನ ನಡುವೆ ಮಡಚಿಕೊಂಡು ಕೂತಿತು. ಇನ್ನೊಮ್ಮೆ ಮಾಡಿದೆ. ಮತ್ತೂ ಹಾಗೇ.

"ಇಷ್ಟು ಮೊಂಡು ಕತ್ತರಿ ಇಟ್ಕೊಂಡು ಅದು ಹೇಗೆ ಕೆಲಸ ಮಾಡ್ತೀರೋ," ಎಂದೆ. ಬರೀ ಕತ್ತರಿಯ ಬಗ್ಗೆ ಹೇಳಿದ್ದಲ್ಲ ಅದು.

ಕಾಜಾ ಅಮ್ಮ ತಲೆ ಎತ್ತದೆಯೇ ಹೇಳಿದರು: "ನಿನ್ನೆ ತಾನೇ ಸಾಣೆ ಹಿಡಿಸಿದ ಕತ್ತರಿ ಕಣಮ್ಮಾ ಅದು. ಎಡಗೈಯವರದ್ದು. ನಿನ್ನ ಕೈಗೆ ಬರಲ್ಲ. ಹಾಗಂತ ಕತ್ತರೀನ ಬೈಬೇಡ."

ಅವನು ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ದಾರ ಕತ್ತರಿಸಿದ. ದಾರ ಸದ್ದಿಲ್ಲದೆ ಬಿತ್ತು. ಅಷ್ಟರಲ್ಲಿ ಟೇಬಲ್ಲಿನ ಮೇಲೆ ಅವನ ಫೋನು ಹೊಡೆದುಕೊಂಡಿತು. ಅಮ್ಮ. ಕತ್ತರಿ ಇಟ್ಟು ಅದೇ ಎಡಗೈಯಲ್ಲಿ ಫೋನು ಎತ್ತಿದ, ಕೆಳಗಿನ ಅರ್ಧ ಪೂರ್ತಿ ಅಂಗೈಯೊಳಗೆ ಮುಚ್ಚಿಹೋಯಿತು. ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದ.

"ಅಮ್ಮಾ, ಈಗ ಬೇಡ, ಆಮೇಲೆ ನಾನೇ... ಹಲೋ? ಹಲೋ?"

ಫೋನು ನೋಡಿದ. ನನ್ನನ್ನು ನೋಡಿದ. ಯಾರೂ ನಂಬದ ಸತ್ಯವನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದವನ ಮುಖ ಅದು.

ನನಗೆ ಕೋಟಿನೊಳಗೆ ಬೆವರು ಬಂತು. ಆ ಫೋನಿನ ಲೋಹದ ಅಂಚಿನಲ್ಲಿ, ಕೆಳಗೆ ಎಡ ಮೂಲೆಯಲ್ಲಿ, ಕಂಪನಿಯವರೇ ಬಿಟ್ಟ ಕೂದಲೆಳೆಯಷ್ಟು ಸಣ್ಣ ಸೀಳಿದೆ. ಅದರ ಬುಡದಲ್ಲೇ ಆಂಟೆನಾ; ಅದು ಮುಚ್ಚಿದರೆ ಸಿಗ್ನಲ್ ಹೋಗುತ್ತದೆ. ಬಲಗೈಯಲ್ಲಿ ಹಿಡಿದರೆ ಆ ಮೂಲೆ ತೆರೆದೇ ಇರುತ್ತದೆ. ಎಡಗೈಯಲ್ಲಿ ಬಿಗಿಯಾಗಿ ಹಿಡಿದರೆ ಅಂಗೈಯ ಬುಡ ಸರಿಯಾಗಿ ಅದರ ಮೇಲೇ ಕೂರುತ್ತದೆ. ಇದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಕೆಲಸದಲ್ಲಿ ಗೊತ್ತಿರಲೇಬೇಕಿತ್ತು. ಆದರೆ ಮೂರು ಸಲವೂ ನಾನು ಪರೀಕ್ಷೆ ಮಾಡಿದ್ದು ನನ್ನ ಬಲಗೈಯಲ್ಲಿ ಮತ್ತು ಸ್ಟ್ಯಾಂಡಿನಲ್ಲಿ. ಅವನ ಕೈಯಲ್ಲಿ ಒಮ್ಮೆಯೂ ಅಲ್ಲ.

"ಹಾಗೇ ನಿಂತ್ಕೊಳ್ಳಿ. ಅಲ್ಲಾಡ್ಬೇಡಿ," ಎಂದೆ.

ಅವನು ನಿಂತ. ಹತ್ತಿರ ಹೋಗಿ ಸ್ಕ್ರೀನ್ ನೋಡಿದೆ. ಒಂದು ಕಡ್ಡಿಯೂ ಇಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಒಂದೊಂದಾಗಿ ಬಿಡಿಸುವ ತಾಂತ್ರಿಕ ಅಗತ್ಯವೇನೂ ಇರಲಿಲ್ಲ. ಅಂಗೈ ಸಡಿಲಾದ ಸ್ವಲ್ಪ ಹೊತ್ತಿಗೆ ಒಂದು ಕಡ್ಡಿ ಬಂತು, ಎರಡು ಬಂತು, ನಾಲ್ಕೂ ಬಂದವು. ಮತ್ತೆ ಮುಚ್ಚಿಸಿದೆ, ಹೋದವು. ಮೂರು ಸಲ ಹೀಗೆ ಮಾಡಿದೆ. ಎರಡು ಸಲ ಪರೀಕ್ಷೆಗೆ, ಮೂರನೆಯದು ನನಗೆ. ಕಾಜಾ ಅಮ್ಮ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಹರಟೆ ಹೊಡೆಯುವಾಗ ಫೋನು ಟೇಬಲ್ಲಿನ ಮೇಲಿರುತ್ತದೆ, ಆಗ ಏನೂ ತೊಂದರೆಯಿಲ್ಲ. ಮನಸ್ಸಿನ ಮಾತು ಬಂದಾಗ ಕಾಜಾ ಅಮ್ಮನ ಕಿವಿಗೆ ಬೀಳಬಾರದೆಂದು ಸ್ಪೀಕರ್ ತೆಗೆದು ಎಡಗೈಯಲ್ಲಿ ಎತ್ತಿಕೊಳ್ಳುತ್ತೀರಿ. ಮಾತು ಎಷ್ಟು ದೊಡ್ಡದೋ ಹಿಡಿತ ಅಷ್ಟು ಬಿಗಿ.

"ಅಂದ್ರೆ ಫೋನು ಕೆಟ್ಟಿಲ್ವಾ?" ಎಂದ.

"ಫೋನೂ ಕೆಟ್ಟಿಲ್ಲ, ನೀವೂ ಕೆಟ್ಟಿಲ್ಲ. ನಾನು ಮಾಡಿದ ಟೆಸ್ಟೇ ತಪ್ಪು. ನಿಮ್ಮನ್ನ ನಂಬದೆ ಅದನ್ನ ನಂಬಿದೆ."

ಇಂಥ ವಾಕ್ಯ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಾಯಿಗೇನೂ ನೋವಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತಾಗಿತ್ತು.

"ಬುಧವಾರದ ಮಾತು ಅರ್ಧಕ್ಕೇ ನಿಂತಿದೆ," ಎಂದೆ. "ನೀವು ಹೋದ್ರೆ, ನಾನು. ಅದರ ಮುಂದೆ?"

ಹೋಗಬೇಡಿ ಎನ್ನುತ್ತಾನೆ ಎಂದು ಲೆಕ್ಕ ಹಾಕಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಹೋಗಿಯೇ ಹೋಗುತ್ತೇನೆ ಎನ್ನುವವಳಿದ್ದೆ. ಎದೆಯಂತೂ ಮಷೀನಿಗಿಂತ ಜೋರಾಗಿ ಓಡುತ್ತಿತ್ತು.

ಅವನು ಫೋನನ್ನು ಟೇಬಲ್ಲಿನ ಆ ಕೊನೆಗೆ ಸರಿಸಿದ. ಎರಡೂ ಕೈ ಖಾಲಿ ಮಾಡಿಕೊಂಡು ನಿಂತ.

"ನೀವು ಹೋದ್ರೆ ನಾನೂ ಬರಬಹುದಾ ಅಂತ ಕೇಳೋಕಿತ್ತು. ಆ ಊರಲ್ಲೂ ಜನ ಬಟ್ಟೆ ಹಾಕ್ಕೋತಾರಲ್ವಾ."

ನನ್ನ ಸಿದ್ಧ ಉತ್ತರ ಅಲ್ಲಿಗೆ ದಂಡವಾಯಿತು. ಈ ಅಂಗಡಿಯ ಗತಿ ಏನು ಎಂದು ಕೇಳಿದೆ, ಏನಾದರೂ ಕೇಳಬೇಕಿತ್ತಲ್ಲ. ಎಲ್ಲ ಕೇಳಿಸಿದೆ, ಅಂಗಡಿಯನ್ನು ತಾನು ನೋಡಿಕೊಳ್ಳುವುದೆಂದು ಸೋಮವಾರವೇ ತೀರ್ಮಾನಿಸಿಯಾಗಿದೆ ಎಂಬ ಕಾಜಾ ಅಮ್ಮನ ಉತ್ತರ ಕಿಟಕಿಯ ಕಡೆಯಿಂದ ಬಂತು. ಗುಟ್ಟಿನ ಮಾತೆಂದು ಇವನು ಫೋನು ಮುಚ್ಚಿಟ್ಟುಕೊಂಡದ್ದೆಲ್ಲ ಬರೀ ವ್ಯರ್ಥ.

"ಮೊದಲನೇ ದಿನ ನೀವು ಒಂದು ಮಾತು ಹೇಳಿದ್ರಿ," ಎಂದ ಅವನು. "ಫೋನಿಗೆ ನನ್ನ ಮೇಲೆ ಪ್ರೀತಿ ಇದೆ ಅಂತ. ಫೋನಿನ ವಿಷಯ ಬಿಡಿ. ನನಗೆ ನೀವಂದ್ರೆ ಪ್ರಾಣ. ನಿಮಗೆ ಹೇಗೆ?"

"ನನಗೂ ಅಷ್ಟೇ," ಎಂದೆ. "ಇದಕ್ಕೆ ಟೆಸ್ಟ್ ಬೇಡ."

ಆಗ ಅವನು ತಡೆದುಕೊಳ್ಳದೆ ನಕ್ಕ. ಎಡಗೆನ್ನೆಯಲ್ಲಿ ನಾನು ಮೊದಲ ದಿನ ಕಂಡ ನಗುವಿನ ಉಳಿದ ಭಾಗ ಅದು. ಕೋಟು ತೆಗೆಯದೆಯೇ ಆಫೀಸಿಗೆ ಫೋನ್ ಮಾಡಿ, ಕೆಲಸ ಒಪ್ಪಿದ್ದೇನೆ ಎಂದು ತಿಳಿಸಿದೆ. ನಾಲ್ಕಕ್ಕೆ ಇನ್ನೂ ನಲವತ್ತು ನಿಮಿಷವಿತ್ತು.

ಆಮೇಲೆ ಅವನ ಫೋನನ್ನು ಅವನ ಬಲಗೈಗೆ ಕೊಟ್ಟು, ಅಮ್ಮನಿಗೆ ಮಾಡಿ ಎಂದೆ. ಬಲಗೈಯಲ್ಲಿ ಅವನು ಫೋನು ಹಿಡಿಯುವ ಚಂದ ನೋಡಬೇಕು; ಜಾರುವ ಸೋಪು ಹಿಡಿದ ಹಾಗೆ. ಅತ್ತ ಕಡೆಯಿಂದ ತಾಯಿಯ ದನಿ ನನಗೂ ಕೇಳುತ್ತಿತ್ತು. ಮದುವೆ ಅಂದ್ರೆ ಮತ್ತೆ ಇಟ್ಬಿಡ್ತೀಯಲ್ಲ ಎಂದರು.

"ಇಡಲ್ಲಮ್ಮ. ನೀನು ಹೇಳು. ಇಲ್ಲ, ಇವತ್ತು ಮೊದಲು ನಾನು ಹೇಳ್ತೀನಿ."

ಅಭ್ಯಾಸಬಲದಿಂದ ಅವನ ಎಡಗೈ ಮೆಲ್ಲಗೆ ಫೋನಿನ ಕಡೆ ಏಳತೊಡಗಿತು. ನಾನು ಅದನ್ನು ದಾರಿಯಲ್ಲೇ ಹಿಡಿದು, ಬೆರಳಿಗೆ ಬೆರಳು ಸೇರಿಸಿ ಬಿಗಿಯಾಗಿ ಇಟ್ಟುಕೊಂಡೆ. ಆ ಕಾಲ್ ಇಪ್ಪತ್ತಾರು ನಿಮಿಷ ನಡೆಯಿತು. ಎಲ್ಲ ಮುಗಿಸಿ ಫೋನು ಕೆಳಗಿಟ್ಟ ಮೇಲೂ ನಾನು ಆ ಕೈ ಬಿಡಲಿಲ್ಲ.