ಮತ್ತೆ ಲಾಗಿನ್ ಆಗಿ

“ಇವತ್ತೂ ಅಳಿಸಿಬಿಟ್ರಾ?”

ಬಾಗಿಲಲ್ಲೇ ನಿಂತು ಕೇಳಿದ ಲೆನ್ಸಿನವನ ಪೆಚ್ಚು ಮುಖ ನೋಡಿ ಅವಳಿಗೆ ನಗು ಬಂತು.

“ಇನ್ನೂ ಇಲ್ಲ. ಬ್ರೌಸರ್ ತೆರೆದೇ ಇದೆ. ಓಡಿ ಬಂದ್ರಾ?”

“ಮತ್ತೇನು ಮಾಡ್ಲಿ?”

ಅವಳ ಚಿಕ್ಕಮ್ಮನ ಕನ್ನಡಕದ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಕಣ್ಣು ಪರೀಕ್ಷೆ ಮಾಡುವ ಅವಳದು, ಮಧ್ಯಾಹ್ನದ ಮೇಲೆ ಲೆನ್ಸ್ ಉಜ್ಜಿ ಕೂರಿಸುವ ಅವನದು. ಬ್ರೌಸರ್ ಮುಚ್ಚಿದ್ದೇ ತಡ, ನೋಡಿದ್ದರ ಜಾಡು, ಸೈಟುಗಳು ಗುರುತಿಗೆ ಇಟ್ಟುಹೋಗುವ ಕುಕೀಗಳೆಲ್ಲ ಅಳಿಸಿಹೋಗುವಂತೆ ಅವಳು ಸೆಟ್ಟಿಂಗ್ ಮಾಡಿಟ್ಟಿದ್ದಳು. ಲೆನ್ಸ್ ತರಿಸುವ ಸಾಫ್ಟ್‌ವೇರಿಗೂ ಅದೇ ಬ್ರೌಸರಿನ ಮೂಲಕವೇ ಲಾಗಿನ್. ಅದು ದಿನಾ ಅವನ ಗುರುತು ಮರೆತು ‘ಮತ್ತೆ ಲಾಗಿನ್ ಆಗಿ’ ಎಂದು ಪ್ರಾಣ ತಿನ್ನುತ್ತಿತ್ತು. ಆಗೋಣವೆಂದರೆ ಒಟಿಪಿ ಹೋಗುವುದು ಚಿಕ್ಕಮ್ಮನ ಫೋನಿಗೆ. ಊಟ ಮುಗಿಸಿ ಮಲಗಿದ ಚಿಕ್ಕಮ್ಮ, ತಲೆಯ ಮೇಲೆ ಸೂರು ಬಿದ್ದರೂ ಏಳುವವರಲ್ಲ. ಹಾಗಾಗಿ ಬೆಳಿಗ್ಗೆ ಚಿಕ್ಕಮ್ಮ ಮಾಡಿಕೊಟ್ಟ ಲಾಗಿನ್ ಉಳಿದಿರುವಾಗಲೇ, ಅವಳು ಬ್ರೌಸರ್ ಮುಚ್ಚುವ ಮೊದಲೇ ಬಂದು ಹಿಡಿಯುವುದು ಅವನ ಹೊಸ ಪರಿಪಾಠ.

ಅವನು ಬರುವ ಹೊತ್ತಿಗೆ ಅವಳು ಕೂದಲು ಸರಿಮಾಡಿಕೊಳ್ಳತೊಡಗಿದ್ದಳು. ಮನಸ್ಸು ಯಾವಾಗಲೋ ಅವನ ಕಡೆ ವಾಲಿಯಾಗಿತ್ತು. ಒಂದೇ ಒಂದು ಭಯ: ಇವನೂ ಇಣುಕಿ ನೋಡುವವನಾದರೆ?

“ಕೊಡಿ, ಆ ಸೆಟ್ಟಿಂಗ್ ನಾನೇ ಸರಿ ಮಾಡ್ತೀನಿ,” ಎನ್ನುತ್ತಾ ಅವನು ಮೌಸಿಗೆ ಕೈ ಹಾಕಿದ.

“ಮುಟ್ಟಬೇಡಿ!”

ಮಾತು ಕೆನ್ನೆಗೆ ಹೊಡೆದ ಹಾಗೆ ಬಂತು. ಅವನು ಕೈ ಹಿಂದೆಳೆದುಕೊಂಡ. ಅವಳಿಗೇ ಕೆಡುಕೆನಿಸಿತು. ಇನ್ನು ಹೇಳದೆ ವಿಧಿಯಿರಲಿಲ್ಲ.

“ಹಿಂದೆ ಒಬ್ಬರ ಜೊತೆ ಮದುವೆ ಗೊತ್ತಾಗಿತ್ತು. ನಾನಿಲ್ಲದಾಗ ನನ್ನ ಕಂಪ್ಯೂಟರ್ ತೆಗೆದು ಎಲ್ಲ ಓದೋರು. ಏನು ಹುಡುಕಿದೆ, ಯಾರಿಗೆ ಬರೆದೆ, ಎಲ್ಲದಕ್ಕೂ ವಿಚಾರಣೆ. ನಾನೇ ಬೇಡ ಅಂದೆ. ಆದ್ರೆ ಅಳಿಸೋ ಅಭ್ಯಾಸ ಬಿಟ್ಟು ಹೋಗ್ಲಿಲ್ಲ.”

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಅಳಿಸೋದು ಬಿಡಬೇಡಿ. ಲೆನ್ಸ್ ಸೈಟಿನ ಕುಕೀ ಒಂದನ್ನ ಮಾತ್ರ ಉಳಿಸಿಕೋ ಅಂತ ಬ್ರೌಸರಿಗೆ ಹೇಳೋಕೆ ಬರುತ್ತೆ. ನೀವೇ ಮಾಡಿ. ನಾನು ಅಲ್ಲಿಂದ ಹೇಳ್ತೀನಿ.”

ಹೋಗಿ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರದ ಪಟಕ್ಕೆ ಮುಖಮಾಡಿ ನಿಂತ. ಮೂಗು ತಗಲುವಷ್ಟು ಹತ್ತಿರ.

“ಪ್ರೈವಸಿ ಅಂತ ಇದೆಯಾ? ಅದರೊಳಗೆ ಹೋಗಿ.”

“ಅಷ್ಟು ಹತ್ತಿರದಿಂದ ಓದೋರಿಗೆ ನಾನು ಕನ್ನಡಕದ ಚೀಟಿ ಬರ್ಕೊಡಲ್ಲ,” ಎಂದಳು.

ಅವನು ಹೇಳಿದಂತೆ ಸೈಟಿನ ವಿಳಾಸ ಸೇರಿಸಿ, ಬ್ರೌಸರ್ ಮುಚ್ಚಿ ತೆರೆದಳು. ಈ ಸಲ ಸಾಫ್ಟ್‌ವೇರ್ ಚಕಾರವೆತ್ತದೆ ಒಳಗೆ ಬಿಟ್ಟುಕೊಂಡಿತು. ಅವಳ ಮೇಲ್ ಮಾತ್ರ ಎಂದಿನಂತೆ ಮತ್ತೆ ಲಾಗಿನ್ ಕೇಳಿತು; ಪಾಸ್‌ವರ್ಡ್ ಹಾಕಿ ತೆರೆದಳು.

“ಆಯ್ತು. ತಿರುಗಿ.”

“ನಿಮ್ಮದೆಲ್ಲ ಮುಚ್ಚಿದ್ರಾ?”

“ಇಲ್ಲ, ಮೇಲ್ ತೆರೆದಿದೆ.”

“ಮುಚ್ಚಿ. ಕಾಯ್ತೀನಿ.”

ಅವಳು ಮೌಸಿನಿಂದ ಕೈ ತೆಗೆದಳು. ಮುಚ್ಚಲಿಲ್ಲ. “ಇನ್ಮೇಲೆ ನೀವು ಬೇಗ ಬರಬೇಕಾಗಿಲ್ಲ ಅಲ್ವಾ?”

“ಲಾಗಿನ್‌ಗೋಸ್ಕರ ಬರ್ತಿದ್ದೆ ಅಂದ್ಕೊಂಡ್ರಾ?” ಅವನು ಗೋಡೆಯನ್ನೇ ಕೇಳಿದ. ಹಿಂದಿನಿಂದ ಕಿವಿಗಳು ಕೆಂಪಗೆ ಕಾಣುತ್ತಿದ್ದವು.

ಅವಳು ಎದ್ದು ಹೋಗಿ ಅವನ ಪಕ್ಕ ನಿಂತಳು.

“ನೀವಂದ್ರೆ ನಂಗೆ ಇಷ್ಟ. ಈಗಲಾದ್ರೂ ತಿರುಗ್ತೀರಾ?”

ಅವನು ತಿರುಗಿದ. ಕಂಪ್ಯೂಟರಿನ ಕಡೆ ನೋಡಲೇ ಇಲ್ಲ.