ಪಂಕ್ಚರ್ ಆಗದ ಸೈಕಲ್ಲು

ಅವನ ಸೈಕಲ್ಲಿಗೆ ಪಂಕ್ಚರ್ ಆಗಿರಲಿಲ್ಲ.

ಅವಳಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ. ಆ ಬೇಸಿಗೆಯಲ್ಲಿ ಕಾಲುವೆ ಏರಿಯ ಮೇಲೆ ಬಂದ ಸೈಕಲ್ ಸವಾರರೆಲ್ಲ ಅವಳ ಪಂಕ್ಚರ್ ಅಂಗಡಿಗೆ ಬರುವಷ್ಟರಲ್ಲಿ ಇಳಿದು, ಚಪ್ಪಟೆಯಾದ ಚಕ್ರ ತಳ್ಳಿಕೊಂಡೇ ಬರುತ್ತಿದ್ದರು. ಈ ಬೂದು ಜಾಕೆಟ್ಟಿನವನೊಬ್ಬ ಮಾತ್ರ ಎರಡೂ ಬದಿಗೆ ಚೀಲ ನೇತುಹಾಕಿಕೊಂಡು, ಆರಾಮಾಗಿ ತುಳಿದುಕೊಂಡು ಬಂದು ಬಾಗಿಲ ಮುಂದೆ ಕಾಲೂರಿದ.

"ಸ್ವಲ್ಪ ಗಾಳಿ ಹಾಕ್ತೀರಾ?"

ಅವಳು ಹೆಬ್ಬೆರಳಿನಿಂದ ಎರಡೂ ಟೈರು ಒತ್ತಿ ನೋಡಿದಳು. ಕಲ್ಲಿನ ಹಾಗಿದ್ದವು.

"ಇರೋದೇ ಜಾಸ್ತಿ. ಇನ್ನೂ ಹಾಕಿದ್ರೆ ಹಾರಿಹೋಗ್ತೀರಿ."

ಅವನು ನಗಲಿಲ್ಲ. ಅಂಗಡಿಯೊಳಗೆ ಕಣ್ಣಾಡಿಸಿದ. ಗೋಡೆಯ ಮೊಳೆಗೆ ಟ್ಯೂಬುಗಳು, ಮೂಲೆಯಲ್ಲಿ ನೀರಿನ ಬೇಸಿನ್ನು, ಉಜ್ಜುಕಾಗದ, ತೇಪೆಯ ತುಂಡುಗಳು...

"ಪಂಕ್ಚರ್ ಕೆಲಸ ಜೋರಾಗೇ ನಡೀತಿದೆ ಅನ್ಸುತ್ತೆ," ಅಂದ.

ಮಾತಿನಲ್ಲೊಂದು ಕೊಕ್ಕೆಯಿತ್ತು. ಅವಳಿಗೆ ಅದು ಚುಚ್ಚಿತು.

ನದಿಯ ಕಣಿವೆಯುದ್ದಕ್ಕೂ ಹರಿಯುವ ಆ ಕಾಲುವೆಯ ಏರಿಯ ಮೇಲೆ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಎರಡೂ ತುದಿಗೆ ಕಲ್ಲುಕಂಬ ನೆಟ್ಟಿದ್ದಾರೆ. ಸೈಕಲ್ಲು ತೂರುತ್ತದೆ, ಕಾರು ತೂರುವುದಿಲ್ಲ. ಹಾರ್ನ್ ಇಲ್ಲ, ಹೊಗೆ ಇಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಮುಳ್ಳುಬೇಲಿ, ಅದರಾಚೆ ಹೊಲಗಳು. ಟೆಂಟು ಕಟ್ಟಿಕೊಂಡು ದೂರದೂರದಿಂದ ಜನ ಬರುವುದೇ ಆ ನಿಶ್ಶಬ್ದಕ್ಕಾಗಿ.

ಅವಳ ಅಪ್ಪ ಆ ಕಾಲುವೆಯ ಗೇಟು ಏರಿಸಿ ಇಳಿಸುತ್ತಿದ್ದವನು. ಎಲ್ಲರ ಬಾಯಲ್ಲೂ ಗೇಟಪ್ಪ. ನಿವೃತ್ತನಾದ ಮೇಲೆ ಬೇಲಿ ಕತ್ತರಿಸುವ ಕೆಲಸವನ್ನು ಅವನಿಗೆ ವಹಿಸಿ, ಗೇಟಿನ ಪಕ್ಕದ ಕೋಣೆಯನ್ನು ಮಗಳ ಅಂಗಡಿಗೂ ಹಿಂದಿನ ಎರಡು ಕೋಣೆಯನ್ನು ವಾಸಕ್ಕೂ ಆ ಏರಿಯನ್ನು ನೋಡಿಕೊಳ್ಳುವ ದಾರಿ ಸಮಿತಿಯವರು ಕೊಟ್ಟಿದ್ದರು.

ಈಗ ಸಮಿತಿಗೆ ದೂರು ಹೋಗಿತ್ತು. ಪಂಕ್ಚರ್ ಅಂಗಡಿಯವಳೇ ದಾರಿಗೆ ಮುಳ್ಳು ಹಾಕುತ್ತಾಳಂತೆ. ಇದು ನಿಜವೆಂದು ತೀರ್ಮಾನವಾದರೆ ಅಂಗಡಿ ಹೋಗುತ್ತದೆ, ಅಂಗಡಿಯ ಜೊತೆಗೆ ಮನೆಯೂ ಹೋಗುತ್ತದೆ.

ಯಾರೋ ತನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾರೆ ಎಂದು ಅವಳು ನಂಬಿದ್ದಳು. ಯಾರೆಂದು ಮಾತ್ರ ಗೊತ್ತಿರಲಿಲ್ಲ.

ಬೂದು ಜಾಕೆಟ್ಟಿನವನು ಮರುದಿನವೂ ಬಂದ. ಅದರ ಮರುದಿನವೂ. ಪ್ರತಿ ಸಲವೂ ಗಾಳಿಯೇ ಬೇಕು. ಪಕ್ಕದಲ್ಲಿ ಟೀ ಮಾರುವ ಚಿಕ್ಕಮ್ಮ ಅವನಿಗೆ 'ಗಾಳಿ ಗಿರಾಕಿ' ಎಂದು ಹೆಸರಿಟ್ಟಳು.

"ಊರೂರು ಸುತ್ತೋನು ಒಂದೇ ಕಡೆ ಟೆಂಟು ಹೊಡ್ಕೊಂಡು ಕೂತಿದ್ದಾನಲ್ಲೇ," ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. "ಒಂದೋ ನಿನ್ನ ಮೇಲೆ ಕಣ್ಣು, ಇಲ್ಲ ನಿನ್ನ ಅಂಗಡಿ ಮೇಲೆ. ಅಂಗಡಿ ಮೇಲೇ ಇರಬೇಕು, ನೀನು ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು?"

ಅವನು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ತಾನು ತುಳಿದ ದಾರಿಗಳ ಬಗ್ಗೆ ಹೇಳುತ್ತಿದ್ದ. ಇದೇ ಕಾಲುವೆಯ ಮೇಲ್ಗಡೆ ಒಂದು ಕಡೆ ಕಾಲುವೆಯೇ ಸೇತುವೆಯಾಗಿ ನದಿಯನ್ನು ದಾಟುತ್ತದಂತೆ. ಕೆಳಗೆ ನದಿ, ಮೇಲೆ ಕಾಲುವೆ, ಪಕ್ಕದಲ್ಲಿ ಒಂದು ಸೈಕಲ್ಲಿನಷ್ಟು ದಾರಿ.

"ನೀರಿನ ಮೇಲೆ ನೀರಾ? ಕಥೆ ಹೊಡೀಬೇಡಿ."

"ಇದೇ ದಾರಿಲಿದೆ. ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಅಂಗಡಿ ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಅದನ್ನು ಅವನಿಗೆ ಯಾಕೆ ಹೇಳಬೇಕು? ಆದರೆ ಅವನು ಬರುವ ಹೊತ್ತಿಗೆ ಕೈಯ ಗ್ರೀಸು ತೊಳೆದುಕೊಳ್ಳಲು ಶುರುಮಾಡಿದ್ದಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ಅವನ ಬ್ರೇಕಿನ ರಬ್ಬರು ಬದಲಿಸುವಾಗ ಹ್ಯಾಂಡಲ್ಲಿನ ಚೀಲದಿಂದ ಪೆಪ್ಪರ್‌ಮಿಂಟಿನ ಡಬ್ಬಿ ಜಾರಿಬಿದ್ದು ಬಾಯಿ ಬಿಟ್ಟಿತು.

ಒಳಗೆ ಮುಳ್ಳುಗಳಿದ್ದವು. ತುಂಬ.

ಅವನು ಆಚೆ ಚಿಕ್ಕಮ್ಮನ ಹತ್ತಿರ ಟೀ ಹೇಳುತ್ತಿದ್ದ. ಅವಳು ಡಬ್ಬಿಯನ್ನು ಮುಚ್ಚಿ ಚೀಲದೊಳಗೆ ಇಟ್ಟಳು. 'ಇವನೇ...' ಕಳ್ಳ ಸಿಕ್ಕ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದೇ ಅವಳನ್ನು ಇಡೀ ದಿನ ಹಿಂಡಿತು.

ಮಾರನೆಯ ಬೆಳಿಗ್ಗೆ, ಕಾಲುವೆಯ ಮೇಲೆ ಇನ್ನೂ ಮಂಜಿರುವಾಗಲೇ ಅವಳು ಗೇಟಿನ ದೊಡ್ಡ ಚಕ್ರದ ಹಿಂದೆ ಅವಿತು ನಿಂತಳು. ಸ್ವಲ್ಪ ಹೊತ್ತಿಗೆ ಅವನು ಬಂದ, ನಡೆದುಕೊಂಡು. ನಾಲ್ಕು ಹೆಜ್ಜೆ ಇಡುವುದು, ಬಗ್ಗುವುದು, ಮತ್ತೆ ನಾಲ್ಕು ಹೆಜ್ಜೆ. ಕೈಯಲ್ಲಿ ಅದೇ ಡಬ್ಬಿ.

ಅವಳು ಹೋಗಿ ಅಡ್ಡ ನಿಂತಳು.

"ಯಾರು ಕಳಿಸಿದ್ದು ನಿಮ್ಮನ್ನ?"

"ದಾರಿ ಸಮಿತಿ," ಅಂದ ಅವನು. ತಪ್ಪಿಸಿಕೊಳ್ಳಲು ನೋಡಲಿಲ್ಲ. "ನಾನು ದಾರಿ ಪರೀಕ್ಷಕ. ದೂರು ಬಂದಿದೆ, ಯಾರಿಗೂ ಹೇಳದೆ ನೋಡ್ಕೊಂಡು ಬಾ ಅಂದ್ರು."

"ನೋಡೋಕೆ ಬಂದೋರು ಮುಳ್ಳು ಯಾಕೆ ಹಾಕ್ತೀರಿ?"

"ಹಾಕ್ತಿಲ್ಲ. ಆರಿಸ್ತಿದ್ದೀನಿ."

ಅಂಗೈ ಬಿಚ್ಚಿ ತೋರಿಸಿದ. ಬೆರಳ ತುದಿಗಳೆಲ್ಲ ಚುಚ್ಚಿ ಕೆಂಪಾಗಿದ್ದವು.

"ನಿಮ್ಮ ಸೈಕಲ್ಲು ಮಾತ್ರ ಯಾಕೆ ಪಂಕ್ಚರ್ ಆಗಲ್ಲ?"

ಟೈರಿನೊಳಗೆ ಒಂಥರಾ ಅಂಟಿನ ನೀರು ಇದೆಯೆಂದೂ, ತೂತು ಬಿದ್ದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆಂದೂ ಅವನು ವಿವರಿಸಿದ. ಅಂಥದ್ದು ಬಂದಿದೆ ಎಂದು ಅವಳು ಕೇಳಿದ್ದಳು, ಕಂಡಿರಲಿಲ್ಲ.

"ಮತ್ತೆ ದಿನಾ ಗಾಳಿ ಬೇಕು ಅಂತ ಬರ್ತಿದ್ದಿದ್ದು?"

"ಮೊದಲನೇ ದಿನ ನಿಮ್ಮ ಅಂಗಡಿ ನೋಡೋಕೆ ಬಂದೆ."

"ಆಮೇಲೆ?"

ಅವನು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. ಕಿವಿ ಕೆಂಪಾಯಿತು. ಅವಳು ಅದನ್ನು ಕಂಡೂ ಕಾಣದವಳಂತೆ ನಿಂತಳು. ಇದೂ ನಾಟಕವಿರಬಹುದು.

"ಹಾಗಾದ್ರೆ ಮುಳ್ಳು ಹಾಕ್ತಿರೋದು ಯಾರು?"

ಅವನು ಅವಳ ಮುಖವನ್ನೇ ನೋಡಿದ. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

ಅವನ ಮನಸ್ಸಿನಲ್ಲಿ ಏನಿತ್ತೆಂಬುದು ಅವಳಿಗೆ ಆಗ ಹೊಳೆಯಿತು.

"ನಾನೇ ಹಾಕಿಸ್ತಿದ್ದೀನಿ ಅಂದ್ಕೊಂಡಿದ್ರಿ."

"ಹೌದು."

"ಹಾಗಂದ್ಕೊಂಡೂ ಬಂದು ಆರಿಸ್ತಿದ್ರಾ?"

"ವರದಿ ಬರೆದು ಕಳಿಸೋಕೆ ಕೈ ಬರಲಿಲ್ಲ. ಆರಿಸೋಕಾದ್ರೂ ಬಂತು."

ಅಷ್ಟರಲ್ಲಿ ಮಂಜಿನೊಳಗಿಂದ ಕಟಕಟ ಸದ್ದು ಕೇಳಿಸಿತು. ಆ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ಅಪ್ಪನ ಸೈಕಲ್ಲು. ನೀರಿನ ಇಲಾಖೆಯವರು ಗೇಟಿನ ಕೆಲಸದವರಿಗೆಂದು ಹಿಂದೆ ಕೊಟ್ಟಿದ್ದು. ಟ್ಯೂಬಿಲ್ಲ, ಗಾಳಿಯಿಲ್ಲ, ಇಡೀ ಚಕ್ರಕ್ಕೆ ಗಟ್ಟಿ ರಬ್ಬರು. ಸೈಕಲ್ಲಿನ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಕತ್ತರಿಸಿದ ಮುಳ್ಳುಕೊಂಬೆಗಳ ದೊಡ್ಡ ಹೊರೆ. ಅಪ್ಪ ಅದನ್ನು ನೆಲದ ಮೇಲೆ ದರದರ ಎಳೆದುಕೊಂಡು ಬರುತ್ತಿದ್ದ. ಉದ್ದಕ್ಕೂ ಮುಳ್ಳು ಉದುರುತ್ತಿತ್ತು.

ಮೊದಲೆಲ್ಲ ಕೊಂಬೆ ಸಾಗಿಸಲು ಒಂದು ಕೈಗಾಡಿಯಿತ್ತು. ಬೇಸಿಗೆಯ ಆರಂಭದಲ್ಲೇ ಅದರ ಅಚ್ಚು ಮುರಿಯಿತು. ಸರಿಮಾಡಿಕೊಡು ಎಂದು ಅಪ್ಪ ಕೇಳಿದ್ದ. ಇವತ್ತು ಪಂಕ್ಚರ್ ಜಾಸ್ತಿ ಇದೆ ಅಪ್ಪ, ನಾಳೆ ಮಾಡ್ತೀನಿ ಎಂದಿದ್ದಳು. ಮರುದಿನ ಪಂಕ್ಚರ್ ಇನ್ನೂ ಜಾಸ್ತಿಯಾಯಿತು. ಗಾಡಿ ಇನ್ನೂ ಅಂಗಡಿಯ ಹಿಂದೆ ಕವುಚಿ ಬಿದ್ದಿತ್ತು. ಅಪ್ಪ ಎರಡನೇ ಸಲ ಕೇಳಿರಲಿಲ್ಲ. ಕೊಂಬೆ ಹೇಗೆ ಸಾಗಿಸುತ್ತಿದ್ದೀಯ ಎಂದು ಅವಳೂ ಕೇಳಿರಲಿಲ್ಲ.

ಅವಳು ಹೋಗಿ ಅಪ್ಪನ ಸೈಕಲ್ಲಿನ ಚಕ್ರವನ್ನು ತಿರುಗಿಸಿ ತೋರಿಸಿದಳು. ರಬ್ಬರಿನ ತುಂಬ ಮುಳ್ಳು ನಾಟಿತ್ತು.

"ನನ್ನ ಸೈಕಲ್ಲಿಗೆ ಏನೂ ಆಗಿಲ್ವಲ್ಲ ಮಗಳೇ," ಅಂದ ಗೇಟಪ್ಪ. ಆಮೇಲೆ ಬೆರಳಾಡಿಸಿ ನೋಡಿದ. ತಾನು ಬಂದ ದಾರಿಯನ್ನು ಹಿಂತಿರುಗಿ ನೋಡಿದ. "ಆ ಮಕ್ಕಳುಮರಿ ಎಲ್ಲ ಸೈಕಲ್ ತಳ್ಕೊಂಡು ಹೋಗ್ತಿದ್ದಿದ್ದು... ನನ್ನಿಂದನಾ?"

ಅಪ್ಪ ಹಗ್ಗ ಬಿಚ್ಚಿ, ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮುಳ್ಳು ಹೆಕ್ಕತೊಡಗಿದ.

ಬೂದು ಜಾಕೆಟ್ಟಿನವನು ಅವಳನ್ನು ಸ್ವಲ್ಪ ಆಚೆ ಕರೆದ. "ಗಾಳಿಗೆ ಬೇಲಿ ಮುರಿದುಬಿತ್ತು ಅಂತ ಬರೀತೀನಿ. ಮುಗಿದುಹೋಗುತ್ತೆ."

"ಬೇಡ. ಇದ್ದಿದ್ದು ಇದ್ದ ಹಾಗೆ ಬರೀರಿ. ಗಾಡಿ ರಿಪೇರಿ ಮಾಡದೆ ಇದ್ದೋಳು ನಾನು ಅಂತಲೂ ಬರೀರಿ."

"ಅಂಗಡಿ ಹೋಗಬಹುದು."

"ನೀವು ಸುಳ್ಳು ಬರೆದ್ರೆ ಮುಂದೆ ನಿಮ್ಮನ್ನ ನಂಬೋಕಾಗಲ್ಲ."

"ಅಂದ್ರೆ... ಈಗ ನಂಬ್ತೀರಾ?"

ಅವಳು ಪೊರಕೆ ತರಲು ಒಳಗೆ ಹೋದಳು.

ಅವನು ನಿಜವನ್ನೇ ಬರೆದ. ಮನೆಯನ್ನೂ ಅಂಗಡಿಯ ಕೋಣೆಯನ್ನೂ ಸಮಿತಿಯವರು ಅವರಿಗೇ ಬಿಟ್ಟರು, ಆದರೆ ಆ ಬೇಸಿಗೆ ಮುಗಿಯುವವರೆಗೆ ಅಂಗಡಿ ಮುಚ್ಚಿಸಿದರು. ಬೇಲಿಯ ಕೆಲಸ ಯಂತ್ರವಿರುವ ಗುತ್ತಿಗೆದಾರನಿಗೆ ಹೋಯಿತು. ವರದಿ ತಡಮಾಡಿದ್ದಕ್ಕೆ ಪರೀಕ್ಷಕನನ್ನು ಬೇರೊಂದು ಕಣಿವೆಗೆ ಹಾಕಿದರು. ಹೊರಡುವಾಗ ಮತ್ತೆ ಬರ್ತೀನಿ ಅಂದ.

'ಎಲ್ಲರೂ ಹಾಗೇ ಹೇಳೋದು...' ಎಂದುಕೊಂಡಳು ಅವಳು. ಕೈಗಾಡಿಗೆ ಹೊಸ ಅಚ್ಚು ಹಾಕಿದಳು. ಅಪ್ಪ ಅದನ್ನು ಒಮ್ಮೆ ಹಿಂದೆಮುಂದೆ ತಳ್ಳಿ ನೋಡಿ, ಚೆನ್ನಾಗಿದೆ ಅಂದು, ಗೋಡೆಗೆ ಒರಗಿಸಿಟ್ಟ. ಸಾಗಿಸಲು ಏನೂ ಇರಲಿಲ್ಲ.

ಮುಂದಿನ ಬೇಸಿಗೆ ಅಂಗಡಿ ತೆರೆಯಿತು. ಸವಾರರು ಚಕ್ರ ತಳ್ಳದೆ, ತುಳಿದುಕೊಂಡೇ ಮುಂದೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಒಬ್ಬ ಮುಂದಿನ ಚಕ್ರ ಚಪ್ಪಟೆ ಮಾಡಿಕೊಂಡು ನಡೆದು ಬಂದ. ಬೂದು ಜಾಕೆಟ್ಟು.

ಅವಳು ಧಡಕ್ಕನೆ ಎದ್ದು ನಿಂತಳು. ಅವನು ಬಂದಿದ್ದಕ್ಕೋ, ಮತ್ತೆ ಮುಳ್ಳು ಬಂತೇ ಎಂಬ ಭಯಕ್ಕೋ ಅವಳಿಗೇ ತಿಳಿಯಲಿಲ್ಲ.

ಆ ಅಂಟಿನ ನೀರಿನ ಟೈರು ತೆಗೆಸಿ ಎಲ್ಲರ ಹಾಗೆ ಮಾಮೂಲಿ ಟ್ಯೂಬು ಹಾಕಿಸಿಕೊಂಡಿದ್ದೇನೆ ಎಂದು ಅವನು ಹೇಳಿದ. ಅವಳು ಟ್ಯೂಬು ಬಿಚ್ಚಿ, ಗಾಳಿ ತುಂಬಿ ಬೇಸಿನ್ನಿನಲ್ಲಿ ಅದ್ದಿದಳು. ಗುಳ್ಳೆಗಳೆದ್ದವು. ತೂತನ್ನು ಬೆಳಕಿಗೆ ಹಿಡಿದು ನೋಡಿದಳು. ಟೈರಿನ ಒಳಮೈ ಸವರಿದಳು. ಎಲ್ಲೂ ಏನೂ ನಾಟಿರಲಿಲ್ಲ.

"ಇದು ಮುಳ್ಳಲ್ಲ."

ಅವನು ಕಾಲುವೆಯ ಕಡೆ ನೋಡುತ್ತಿದ್ದ.

"ಪಿನ್ನು ಚುಚ್ಚಿದ್ದೀರಿ. ಎಲ್ಲಿ?"

"ಆ ತಿರುವಿನಲ್ಲಿ," ಅಂದ ಅವನು. "ಸುಮ್ಮನೆ ಗಾಳಿ ಕೇಳಿದ್ರೆ ನೀವು ಮತ್ತೆ ಅನುಮಾನ ಪಡ್ತಿದ್ರಿ. ನಂಗೆ ನಿಮ್ಮನ್ನ ನೋಡಬೇಕಿತ್ತು. ದಿನಾ ನೋಡಬೇಕು ಅಂತಲೂ ಇದೆ."

ಅವಳ ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆ ನೀರಿನ ಮೇಲಿನ ನೀರು... ನಿಜವಾಗ್ಲೂ ಇದೆಯಾ?"

"ಬಂದು ನೋಡಿ. ಇಲ್ಲದಿದ್ರೆ ಅಲ್ಲಿಂದಲೇ ನನ್ನ ನದಿಗೆ ತಳ್ಳಿ."

"ತಳ್ತೀನಿ."

"ಗೊತ್ತು. ಅದಕ್ಕೇ ಈಜು ಕಲಿತು ಬಂದೆ."

ಗೇಟಪ್ಪ ಬಾಗಿಲಲ್ಲಿ ನಿಂತಿದ್ದ. "ಹೋಗಿಬಾ ಮಗಳೇ. ಗಾಳಿ ಹಾಕೋಕೆ ನಂಗೂ ಬರುತ್ತೆ," ಅಂದು ಪಂಪು ಕೈಗೆತ್ತಿಕೊಂಡ.

ಪಿನ್ನಿನ ತೂತಿಗೆ ಅವಳು ತೇಪೆ ಹಾಕಲಿಲ್ಲ. ಹೊಸ ಟ್ಯೂಬು ಕಟ್ಟಿ, ಹಳೆಯದನ್ನು ಗೋಡೆಯ ಮೊಳೆಗೆ ನೇತುಹಾಕಿದಳು.

ಒಟ್ಟು ಹೋದದ್ದು ಇಷ್ಟು: ಒಂದು ಬೇಸಿಗೆಯ ವ್ಯಾಪಾರ, ಅಪ್ಪನ ಬೇಲಿ ಕೆಲಸ, ಒಂದು ಒಳ್ಳೆಯ ಟ್ಯೂಬು.