ಮನೆಗೆ ಮರಳಿದ ರೊಟ್ಟಿ

ಒಬ್ಬನೇ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ರುಚಿಸದು. ಗಾದೆಯನ್ನು ತಿರುಚಿದ್ದು ನಿಜ, ಕತೆಯನ್ನು ತಿರುಚಿಲ್ಲ; ನಡೆಯುವುದು ೨೦೬೧ರಲ್ಲಾದ್ದರಿಂದ ಸುಳ್ಳೆಂದು ಸಾಧಿಸಲು ಇನ್ನೂ ಯಾರಿಂದಲೂ ಆಗಿಲ್ಲ.

ಹುಬ್ಬಳ್ಳಿಯ ಸಿರಿಗಾಳಿ ಫ್ಯಾನ್ ಕಾರ್ಖಾನೆಯ ಊಟದ ಕೋಣೆಯಲ್ಲಿ ‘ಕಾರಣಶೋಧಕ’ ಗುಂಯ್‌ಗುಡುತ್ತಿತ್ತು. ನೌಕರರು ಕೆಲಸ ಬಿಡುವುದೇಕೆಂದು ಹುಡುಕುವ ಈ ಯಂತ್ರವನ್ನು ಕಟ್ಟಿದವಳು ಸಂಖ್ಯಾಶಾಸ್ತ್ರಜ್ಞೆ ಪ್ರಮೋದಿನಿ ಇನಾಮತಿ. ಸಂಬಳ, ಪಾಳಿ, ಮನೆಯ ದೂರ, ಕೊನೆಗೆ ಊಟ ಬಿಸಿಮಾಡುವ ಕಪಾಟು ಬರುವಾಗಲೂ ಮರಳುವಾಗಲೂ ತೂಗಿಟ್ಟ ಡಬ್ಬಿಗಳ ಭಾರ ಕೂಡ. ಒಂದೊಂದನ್ನೂ ಬಿಟ್ಟುಹೋದವರ ಜೊತೆ ಹೋಲಿಸಿ, ಈ ನಂಟು ಬರಿಯ ಆಕಸ್ಮಿಕವೇ ಎಂದು ಅದು ಪರೀಕ್ಷಿಸುತ್ತಿತ್ತು. ಆಕಸ್ಮಿಕವೆಂದು ನಂಬುವುದು ತೀರ ಕಷ್ಟವಾದಾಗ ಮಾತ್ರ ಬಾಯಿಬಿಡುತ್ತಿತ್ತು.

ಕಾರಣ ಸಿಗದಿದ್ದರೆ ತಂತಿ ಸುತ್ತುವ ವಿಭಾಗ ರೋಬೋಟುಗಳ ಪಾಲು. ಪ್ರಮೋದಿನಿಯ ಅವ್ವ ಅಲ್ಲೇ ಸುರುಳಿ ಸುತ್ತಿದವಳು. ಆಗ ಈ ಕೋಣೆಯಲ್ಲಿ ಉದ್ದನೆಯ ಮೇಜೊಂದಿತ್ತು. ಪಕ್ಕದವರಿಗೆಂದೇ ಎಲ್ಲರೂ ಎರಡು ರೊಟ್ಟಿ ಹೆಚ್ಚಿಗೆ ತರುತ್ತಿದ್ದರು. ಆಯುಧಪೂಜೆಯಂದು ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಒಂದೇ ಊಟದಲ್ಲಿ ಓಣಿಯಷ್ಟು ಮನೆಗಳ ಗುರೆಳ್ಳು ಚಟ್ನಿಪುಡಿ ನೆಕ್ಕಿದ ರುಚಿ ಪ್ರಮೋದಿನಿಯ ನಾಲಗೆಯ ಮೇಲಿನ್ನೂ ಇತ್ತು.

ಈಗ ಮೇಜಿಲ್ಲ. ಹೊತ್ತು ಉಳಿಸಲೆಂದು ಜನರಲ್ ಮ್ಯಾನೇಜರ್ ಕುಬಸದ ಅವರು ಒಬ್ಬೊಬ್ಬರಿಗೆ ಒಂದೊಂದು ಗಾಜಿನ ಗೂಡು ಹಾಕಿಸಿದ್ದರು.

“ಸಂಬಳಕ್ಕ ನಂಟಿಲ್ರಿ ಸರ್, ಪಾಳಿಗೂ ಇಲ್ಲ,” ಎಂದಳು ಪ್ರಮೋದಿನಿ, ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದಿದ್ದ ಕುಬಸದರಿಗೆ. “ಯಾರ ಡಬ್ಬಿ ರೊಟ್ಟಿ ಸಮೇತ ಮನಿಗೆ ವಾಪಸ್ ಹೋಗ್ತೈತಿ, ಅವರು ಬಿಡ್ತಾರ. ಗೂಡಿನ್ಯಾಗ ರೊಟ್ಟಿ ಕೊಡಾಕ ಯಾರದಾರ?”

“ರೊಟ್ಟಿ ಉಳೀತಂತ ನೌಕರಿ ಬಿಡ್ತಾರೇನ್ರಿ ಮೇಡಂ?” ಕುಬಸದರು ಹುಬ್ಬೇರಿಸಿದರು.

ಆಗ ಕಪಾಟಿನ ಕಡೆಯಿಂದ ಯಂತ್ರದ ದನಿ ಕೇಳಿಸಿತು: “ಮುಂದೆ ಬಿಡುವವರು, ಜನರಲ್ ಮ್ಯಾನೇಜರ್ ಕುಬಸದ. ಕಾರಣ, ಒಂಟಿ ಊಟ. ಆಕಸ್ಮಿಕವಾಗಿರುವ ಸಾಧ್ಯತೆ, ಅತ್ಯಲ್ಪ.”

ಪ್ರಮೋದಿನಿ ಬೆಚ್ಚಿದಳು. ಅಧಿಕಾರಿಗಳು ಎಲ್ಲಿಗೂ ಹೋಗುವವರಲ್ಲವೆಂದು ಅವರ ಡಬ್ಬಿಗಳ ಲೆಕ್ಕವನ್ನು ಅವಳು ಯಂತ್ರಕ್ಕೆ ಕೊಟ್ಟೇ ಇರಲಿಲ್ಲ. ಕಪಾಟಿನ ಹಿಂದೆ ಇಣುಕಿದರೆ, ಬಾಯಿಗೆ ಸ್ಟೀಲ್ ಲೋಟ ಹಿಡಿದು ನಿಂತಿದ್ದ ತಂತಿ ವಿಭಾಗದ ಬಸಣ್ಣ ಹಂಚಿನಮನಿ. ಫ್ಯಾನಿನಿಂದ ಫೋರ್‌ಮನ್ನನವರೆಗೆ ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು.

“ತಪ್ಪಾತ್ರಿ ಸಾಹೇಬ್ರ. ಚ್ಯಾಷ್ಟಿ ಮಾಡಿದ್ನಿ.”

ಕುಬಸದರ ಮುಖ ಬಿಳುಚಿತ್ತು. “ಯಾರು ಹೇಳಿದ್ರು ನಿನಗ?”

“ಏನ್ರಿ?”

“ನಾ ಬಿಡೋದು. ಮನ್ಯಾಗಿನವರಿಗೂ ಇನ್ನ ಹೇಳಿಲ್ಲ.”

ಪ್ರಮೋದಿನಿ ಕಪಾಟಿನ ತೂಕಗಳನ್ನು ನೋಡಿದಳು. ಕುಬಸದರ ಡಬ್ಬಿ ಬಂದ ಭಾರದಲ್ಲೇ ಮರಳುತ್ತಿತ್ತು. ಎಣಿಕೆಯಿಂದಲೇ ಹೊರಗಿಟ್ಟವರ ದುಃಖ ಯಾವ ಪರೀಕ್ಷೆಗೂ ಸಿಗದು. ಪಕ್ಕದವರು ಉಂಡರೇ ಎಂದು ನೋಡುವುದಕ್ಕಾದರೆ ೨೦೬೧ರವರೆಗೆ ಕಾಯಬೇಕಿಲ್ಲ.

“ಸಾಹೇಬ್ರ,” ಬಸಣ್ಣ ತನ್ನ ಸ್ವಂತ ದನಿಯಲ್ಲಿ ಮೆಲ್ಲಗೆಂದ, “ನಿಮ್ಮ ಮನಿ ಬದನಿಕಾಯಿ ಎಣಗಾಯಿ ಹ್ಯಾಂಗಿರ್ತೈತೋ ನಮಗ ಗೊತ್ತ ಇಲ್ಲ ನೋಡ್ರಿ.”

ಕುಬಸದರು ಡಬ್ಬಿ ತೆರೆದು ಅವನ ಮುಂದೆ ಸರಿಸಿದರು. “ಉಪ್ಪು ಕಡಿಮಿ ಐತಿ. ಅದನ್ನೂ ಮನ್ಯಾಗ ಹೇಳಿಲ್ಲ.” ಆಮೇಲೆ ಪ್ರಮೋದಿನಿಯತ್ತ ತಿರುಗಿದರು. “ಗೂಡು ತಗಸೂಣ್ರಿ ಮೇಡಂ. ರೋಬೋಟಿಗೆ ರೊಟ್ಟಿ ಹಂಚಾಕ ಬರಂಗಿಲ್ಲ.”

ಬಸಣ್ಣ ಒಂದು ತುತ್ತು ಬಾಯಿಗಿಟ್ಟು, ಥೇಟ್ ಯಂತ್ರದ ದನಿಯಲ್ಲಿ ವರದಿ ಒಪ್ಪಿಸಿದ: “ಉಪ್ಪು, ಶೂನ್ಯ.”

ಗೂಡಿನೊಳಗಿನವರೆಲ್ಲ ತಲೆಯೆತ್ತಿ ನಕ್ಕರು. ಅಷ್ಟೂ ನಗೆಯನ್ನು ಮೀರಿಸಿ ಗಾಜು ನಡುಗಿಸಿದ್ದು ಕುಬಸದರದು.